ಗಡ್ಡದ ಕೆಳಗಿನ ಗದ್ದ

ಆಲ್ಕೊಳದ ಆ ಸೌಂದರ್ಯ ಕ್ಲಿನಿಕ್ಕಿನ ಬೋರ್ಡಿನಲ್ಲಿ ನನ್ನ ಹೆಸರಿತ್ತು, ಪಕ್ಕದಲ್ಲೇ ಫೋಟೋ ಇತ್ತು. ಫೋಟೋದಲ್ಲಿದ್ದ ಹೆಂಗಸು ನನಗಿಂತ ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು. ನನ್ನನ್ನು ಕೇಳದೆಯೇ ಕಣ್ಣಿನ ಸುತ್ತಲಿನ ಗೆರೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿಹಾಕಿದ್ದರು. ನೋಡಿ ನಕ್ಕೆ. ತೆಗೆಸಿ ಎಂದು ಮಾತ್ರ ಹೇಳಲಿಲ್ಲ.

ನಾನು ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಮಾಡುವವಳು. ರವೀಂದ್ರನಗರದಲ್ಲಿ ಮನೆ, ಮನೆಯ ಕೆಳಗೇ ಕ್ಲಿನಿಕ್. ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡವರು, ಗುಟ್ಕಾ ಜಗಿದು ಜಗಿದು ಬಾಯಿ ತೆರೆಯಲಾಗದೆ ಬಂದವರು, ಎಮ್ಮೆಯ ಕೊಂಬು ತಾಗಿ ಕೆನ್ನೆ ಸೀಳಿಸಿಕೊಂಡವರು, ಇವರೇ ನನ್ನ ರೋಗಿಗಳು. ಚೆಂದ ಕಾಣಬೇಕೆಂದು ವೈದ್ಯರ ಬಳಿ ಬರುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಅಂಥವಳು ಅಲ್ಲಿಗೆ ವಾರಕ್ಕೊಂದು ಮಧ್ಯಾಹ್ನ ಹೋಗಲು ಯಾಕೆ ಒಪ್ಪಿದೆ ಎಂದರೆ, ಗೌರವದಿಂದ ಹೇಳಿಕೊಳ್ಳುವಂಥ ಕಾರಣ ಒಂದೂ ಇಲ್ಲ. "ನಿಮ್ಮಂಥ ಸೀನಿಯರ್ ಸರ್ಜನ್ ಹೆಸರು ಬೋರ್ಡಲ್ಲಿದ್ರೆ ನಮ್ಮ ಕ್ಲಿನಿಕ್ಕಿಗೇ ಒಂದು ಕಳೆ ಮೇಡಂ" ಎಂದು ಅದರ ಮಾಲೀಕ ಹೇಳಿದ. ನನಗೆ ಅಷ್ಟೇ ಸಾಕಾಯಿತು.

ಮಾಲೀಕ ವೈದ್ಯನಲ್ಲ. ಮೊದಲು ಟೈಲ್ಸ್ ಅಂಗಡಿ ಇಟ್ಟಿದ್ದವನು. ಮನುಷ್ಯರ ಮುಖದ ಬಗ್ಗೆ ಮಾತಾಡುವಾಗಲೂ ಫಿನಿಶಿಂಗ್, ಲೆವೆಲ್ಲು, ಜಾಯಿಂಟು ಎಂದೇ ಮಾತಾಡುತ್ತಿದ್ದ. ಚುಚ್ಚುಮದ್ದು ಕೊಡುವ ಹೆಂಗಸು ಬ್ಯೂಟಿ ಪಾರ್ಲರಿನಿಂದ ಬಂದವಳು. ಎರಡು ದಿನದ ತರಬೇತಿಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅದರ ಪಕ್ಕದಲ್ಲಿ "ಊಟದ ಬಿಡುವಿನಲ್ಲಿ ಹೊಸ ಗದ್ದ" ಎಂಬ ಪೋಸ್ಟರು. ಊಟದ ಹೊತ್ತಿನಲ್ಲಿ ಊಟ ಬಿಟ್ಟು ಗದ್ದ ಮಾಡಿಸಿಕೊಳ್ಳುವವರು ಯಾರಪ್ಪ ಎಂದು ಅಣಕಿಸಿಕೊಳ್ಳುತ್ತ ನಾನು ಅದೇ ಪೋಸ್ಟರಿನ ಕೆಳಗೆ ಕುಳಿತು ಅವರು ಕೊಟ್ಟ ಕಾಫಿ ಕುಡಿಯುತ್ತಿದ್ದೆ.

ಆ ಗುರುವಾರ ಬೆಳಿಗ್ಗೆ, ಲಾರಿ ಗುದ್ದಿ ಕೆಳದವಡೆ ನಾಲ್ಕು ಚೂರಾಗಿದ್ದ ಒಬ್ಬನಿಗೆ ಐದು ತಾಸು ಆಪರೇಷನ್ ಮಾಡಿದ್ದೆ. ಕಾಲು ನೋಯುತ್ತಿತ್ತು. ಮಧ್ಯಾಹ್ನ ಆಲ್ಕೊಳಕ್ಕೆ ಹೋದರೆ ಎದುರಿಗೆ ಬಂದು ಕುಳಿತವನು ಭದ್ರಾವತಿಯ ಒಬ್ಬ ಗಟ್ಟಿಮುಟ್ಟಾದ ಯುವಕ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಎದೆ ಅಗಲ, ತೋಳು ಗಟ್ಟಿ, ಮುಖದ ಅರ್ಧ ಕಪ್ಪು ಗಡ್ಡ.

"ಏನಾಗ್ಬೇಕಪ್ಪ ನಿಂಗೆ?" ಎಂದೆ.

"ಗದ್ದ ಬೇಕು ಮೇಡಂ."

"ಈಗ ಇಲ್ವಾ?"

ಅವನು ಗಡ್ಡವನ್ನು ಅಂಗೈಯಿಂದ ಕತ್ತಿನ ಕಡೆಗೆ ಒತ್ತಿ ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿದ. ಕೆಳತುಟಿಯ ಕೆಳಗೆ ಮುಂದಕ್ಕೆ ಬರಬೇಕಾಗಿದ್ದ ಮೂಳೆ ಅಲ್ಲೇ ಹಿಂದೆ ಸರಿದು, ತುಟಿಯಿಂದ ನೇರವಾಗಿ ಕತ್ತಿಗೆ ಇಳಿದಂತಿತ್ತು.

"ಪೊಲೀಸ್ ಕಾನ್‌ಸ್ಟೇಬಲ್ ಆಗಿ ಸೆಲೆಕ್ಟ್ ಆಗಿದೀನಿ. ಇನ್ನು ಒಂದೂವರೆ ತಿಂಗಳಿಗೆ ಟ್ರೈನಿಂಗ್. ಅಲ್ಲಿ ಗಡ್ಡ ಬಿಡಂಗಿಲ್ಲ."

"ತೆಗಿ ಹಂಗಾದ್ರೆ."

"ತೆಗೆದ್ರೆ ಇದು ಕಾಣುತ್ತಲ್ಲ ಮೇಡಂ." ದನಿ ಇಳಿಸಿ ಹೇಳಿದ, "ಮದುವೆಯಾಗಿ ಹನ್ನೊಂದು ತಿಂಗಳಾಯ್ತು. ನಮ್ಮನೆಯವ್ಳು ಇದನ್ನ ನೋಡಿಲ್ಲ."

ನನಗೆ ನಗು ಬಂತು. ತಡೆದುಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಬಾಯಿಬಿಟ್ಟು ನಕ್ಕೆ.

ಆಮೇಲೆ ಹೇಳಬೇಕಾದ್ದನ್ನು ಹೇಳಿದೆ, ಅಥವಾ ಹೇಳಿದೆ ಎಂದುಕೊಂಡೆ. ಮೂಳೆ ಕತ್ತರಿಸಿ ಮುಂದೆ ತರಬಹುದು, ದೊಡ್ಡ ಆಪರೇಷನ್. ಸಿಲಿಕಾನ್ ತುಂಡು ಇಡಬಹುದು, ಅದಕ್ಕೆ ಅದರದೇ ತೊಂದರೆಗಳಿವೆ. ಜೆಲ್ ಚುಚ್ಚಬಹುದು, ಅದು ನಿಲ್ಲುವುದಿಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ತಲೆಬುರುಡೆಯ ಗದ್ದವನ್ನು ಪೆನ್ನಿನಿಂದ ಎರಡು ಸಲ ತಟ್ಟಿದೆ. "ಇದು ಕಾಯಿಲೆ ಅಲ್ಲ ಮಾರಾಯ. ಮನೆಗೆ ಹೋಗಿ ಗಡ್ಡ ಬೋಳಿಸ್ಕೊ. ಕಳ್ಳರು ನಿನ್ನ ಗದ್ದ ನೋಡಿ ಓಡಲ್ಲ, ಲಾಠಿ ನೋಡಿ ಓಡ್ತಾರೆ." ನನ್ನ ಚಾಟೂಕ್ತಿಯನ್ನು ನಾನೇ ಮೆಚ್ಚಿಕೊಂಡು ಎದ್ದೆ. ಹೆಚ್ಚೆಂದರೆ ಮೂರು ನಿಮಿಷ. ಕೇಸ್ ಶೀಟ್ ಬರೆಯಲಿಲ್ಲ. ಬರೆಯುವುದಕ್ಕೆ ಏನಿದೆ ಎನಿಸಿತ್ತು.

ಅವನು ಮನೆಗೆ ಹೋಗಲಿಲ್ಲ. ಪಕ್ಕದ ಕೋಣೆಯಲ್ಲಿ ಕುಳಿತಿದ್ದ ಕೌನ್ಸೆಲರ್ ಹುಡುಗಿ ಅವನನ್ನು ಕರೆದು ಕೂರಿಸಿ, ನೀರು ಕೊಟ್ಟು, ಮುಕ್ಕಾಲು ಗಂಟೆ ಅವನ ಕಥೆ ಕೇಳಿದಳಂತೆ. ಟ್ಯಾಬಿನಲ್ಲಿ ಅವನ ಪಕ್ಕಮುಖದ ಫೋಟೋ ತೆಗೆದು, ಬೆರಳಿನಿಂದ ಗದ್ದವನ್ನು ಮುಂದಕ್ಕೆ ಎಳೆದು ತೋರಿಸಿದಳಂತೆ. ಕೌನ್ಸೆಲರ್ ಎಂದರೆ ಅಲ್ಲಿ ಮಾರಾಟ ಮಾಡುವವಳಿಗೆ ಇಟ್ಟ ಹೆಸರು. ಆದರೂ ಆ ದಿನ ಆ ಕಟ್ಟಡದಲ್ಲಿ ಅವನ ಮಾತಿಗೆ ನಗದೆ ಕೇಳಿಸಿಕೊಂಡವಳು ಅವಳೊಬ್ಬಳೇ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಒಂಬತ್ತು ದಿನ ಕಳೆದು ಬಂದ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ ನಮ್ಮ ಗೇಟು ಸದ್ದಾಯಿತು. ಅವನು ನಿಂತಿದ್ದ, ಬಾಯಿಗೆ ಕರವಸ್ತ್ರ ಒತ್ತಿಕೊಂಡು. ಅವನ ಮುಂದೆ, ಮಾತಾಡುವ ಜವಾಬ್ದಾರಿ ತನ್ನದೇ ಎನ್ನುವಂತೆ ಅವನ ಹೆಂಡತಿ. ಭದ್ರಾವತಿಯ ಕಾರ್ಖಾನೆ ಕಾಲೊನಿಯಲ್ಲಿ ಬೆಳೆದವಳು, ಬ್ಲೌಸ್ ಹೊಲಿಯುವವಳು. ಅವಳ ಕನ್ನಡದಲ್ಲಿ ತಮಿಳಿನ ಎಳೆತವಿತ್ತು.

"ಬೋರ್ಡಲ್ಲಿ ಇರೋ ಡಾಕ್ಟ್ರು ನೀವೇ ತಾನೆ?" ಎಂದಳು.

ಹೌದೆಂದೆ. ಅವಳು ಗಂಡನ ಕೈ ಹಿಡಿದು ಕರವಸ್ತ್ರ ಇಳಿಸಿದಳು.

ಗಡ್ಡ ಬೋಳಿಸಿಕೊಂಡಿದ್ದ. ಗದ್ದದ ಎಡಭಾಗ ಊದಿ, ಚರ್ಮದ ಮೇಲೆ ನೀಲಿ-ನೇರಳೆ ಬಣ್ಣದ ಬಲೆ ಹರಡಿದಂತಿತ್ತು. ಅದರ ಮಧ್ಯದಲ್ಲಿ ಕಾಳಿನಷ್ಟಗಲ ಬೂದಿಬಣ್ಣ. ಬೆರಳಿನಿಂದ ಒತ್ತಿ ಬಿಟ್ಟೆ. ಆರೋಗ್ಯವಾಗಿರುವ ಚರ್ಮ ಒತ್ತಿದಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಕೆಂಪಾಗುತ್ತದೆ. ನಾನು ಏಳರವರೆಗೆ ಎಣಿಸಿದೆ. ಆಮೇಲೂ ಸರಿಯಾಗಿ ಕೆಂಪೇರಲಿಲ್ಲ.

"ಯಾವಾಗ ಚುಚ್ಚಿದ್ದು?"

"ನಿನ್ನೆ ಮಧ್ಯಾಹ್ನ. ಚುಚ್ಚುವಾಗಲೇ ಬೆಳ್ಳಗಾಯ್ತು, ಉರಿ ತಡಿಯಕ್ಕಾಗ್ಲಿಲ್ಲ," ಎಂದ ಅವನು. "ಮಾಮೂಲಿ ಅಂದ್ರು. ಐಸ್ ಇಟ್ಕೊಳಿ ಅಂದ್ರು."

ಐಸ್! ಜೆಲ್ ರಕ್ತನಾಳದೊಳಗೆ ಹೋಗಿ ಹರಿವು ನಿಂತಿದೆ. ಹಾಗಾದಾಗ ಬೇಕಾಗಿರುವುದು ಬಿಸಿ. ಅವರು ಇದ್ದ ಸಣ್ಣ ನಾಳಗಳನ್ನೂ ತಣ್ಣಗೆ ಮಾಡಿ ಮುದುಡಿಸಿ ಕಳಿಸಿದ್ದರು.

"ಶೇವ್ ಮಾಡ್ಕೊಂಡು ಮನೆಗೆ ಬಂದ್ರು," ಎಂದಳು ಹೆಂಡತಿ. "ಗದ್ದ ಹೆಂಗಿದೆ ನೋಡು ಅಂದ್ರು. ನಾನು ಗದ್ದ ನೋಡ್ಲೇ ಇಲ್ಲ ಮೇಡಂ, ಬಣ್ಣ ನೋಡಿದೆ."

ಜೆಲ್ ಹೈಲುರಾನಿಕ್ ಆಮ್ಲದ್ದಾಗಿದ್ದರೆ ಅದನ್ನು ಕರಗಿಸುವ ಕಿಣ್ವವೊಂದಿದೆ. ಜೆಲ್ ಚುಚ್ಚುವ ಯಾವ ಕೋಣೆಯಲ್ಲೂ ಅದು ಕೈಗೆಟುಕುವಲ್ಲಿ ಇರಬೇಕು. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಭಾನುವಾರ ರಜೆ, ಯಾರೂ ಎತ್ತಲಿಲ್ಲ. ಮಾಲೀಕನ ಮೊಬೈಲಿಗೆ ಮಾಡಿದೆ. ಹಿನ್ನೆಲೆಯಲ್ಲಿ ವಾಲಗ ಕೇಳುತ್ತಿತ್ತು.

"ಗೃಹಪ್ರವೇಶದಲ್ಲಿ ಇದೀನಿ ಮೇಡಂ, ಹೇಳಿ."

ಹೇಳಿದೆ. ಕಿಣ್ವ ಇದೆಯೇ ಎಂದು ಕೇಳಿದೆ. ಆ ಹೆಸರನ್ನು ಅವನು ಮೊದಲ ಬಾರಿಗೆ ಕೇಳುತ್ತಿದ್ದ.

"ಯಾವ ಜೆಲ್ ಚುಚ್ಚಿದ್ರು? ಪೆಟ್ಟಿಗೆ ಮೇಲಿನ ಲೇಬಲ್ ಫೋಟೋ ಕಳ್ಸಿ, ಈಗಲೇ."

"ಇಂಪೋರ್ಟೆಡ್ ಮಾಲು ಮೇಡಂ, ಫಸ್ಟ್ ಕ್ವಾಲಿಟಿ."

"ನಾನು ಕೇಳಿದ್ದು ಏನು ಅಂತ. ಎಲ್ಲಿಂದ ಬಂತು ಅಂತಲ್ಲ."

"ಸುಮ್ನೆ ಪ್ಯಾನಿಕ್ ಆಗ್ಬೇಡಿ. ಸೆಟ್ ಆಗಕ್ಕೆ ಎರಡು ದಿನ ಟೈಮ್ ಬೇಕು. ನಾಳೆ ಬಂದು ನೋಡ್ತೀನಿ. ಊಟ ಬಡಿಸ್ತಿದಾರೆ, ಇಡ್ತೀನಿ."

ಟೈಲ್ಸ್ ಕೂರಲು ಎರಡು ದಿನ ಬೇಕು. ಚರ್ಮ ಸಾಯಲು ಅಷ್ಟು ಬೇಡ.

ಆ ಕಿಣ್ವವನ್ನು ಕಣ್ಣಿನ ವೈದ್ಯರು ಪೊರೆಯ ಆಪರೇಷನ್ನಿಗೆ ಮುಂಚೆ ಅರಿವಳಿಕೆಯ ಜೊತೆ ಬೆರೆಸಿ ಬಳಸುತ್ತಾರೆ ಎಂಬುದು ನೆನಪಾಯಿತು. ಹೊಸಮನೆಯಲ್ಲಿದ್ದ ನನ್ನ ಸಹಪಾಠಿ ಕಣ್ಣಿನ ವೈದ್ಯೆಗೆ ಫೋನ್ ಮಾಡಿದೆ. ಅವಳು ಯಾಕೆ ಎಂದು ಕೂಡ ಕೇಳಲಿಲ್ಲ. "ನಾಲ್ಕು ವಯಲ್ ಇದೆ, ನಾನೇ ತರ್ತೀನಿ" ಎಂದು ಸ್ಕೂಟರಿನಲ್ಲಿ ಹೊರಟಳು. ಅಷ್ಟರಲ್ಲಿ ನಾನು ಅವನಿಗೆ ಆಸ್ಪಿರಿನ್ ಜಗಿಸಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಟ್ಟು, ಗದ್ದವನ್ನು ಮೆಲ್ಲಗೆ ತಿಕ್ಕತೊಡಗಿದೆ.

ತೊಂದರೆಯೆಂದರೆ, ಒಳಗೆ ಹೋಗಿರುವುದು ಏನೆಂದೇ ನನಗೆ ಗೊತ್ತಿರಲಿಲ್ಲ. ಅದು ಸುಣ್ಣದಂಶದ ಜೆಲ್ಲೋ, ಪ್ಲಾಸ್ಟಿಕ್ ಕಣಗಳದ್ದೋ ಆಗಿದ್ದರೆ ಕಿಣ್ವ ಅದನ್ನು ಮುಟ್ಟುವುದೂ ಇಲ್ಲ. ಮೇಲಾಗಿ ಕಿಣ್ವಕ್ಕೆ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ. ಜೇನುನೊಣದ ವಿಷದಲ್ಲೂ ಅದೇ ಬಗೆಯ ಕಿಣ್ವ ಇರುವುದರಿಂದ, ಜೇನು ಕಚ್ಚಿದಾಗ ಏನಾದರೂ ಆಗಿತ್ತೇ ಎಂದು ಕೇಳಿದೆ; ಬಾಲ್ಯದಲ್ಲಿ ಕಚ್ಚಿಸಿಕೊಂಡಿದ್ದ, ಊದಿತ್ತು, ಅಷ್ಟೆ. ಲೇಬಲ್ ಸಿಗುವವರೆಗೆ ಕಾಯಬೇಕೇ, ಕುರುಡಾಗಿ ಚುಚ್ಚಬೇಕೇ? ಕಾದರೆ ನನ್ನ ಕೈ ಸ್ವಚ್ಛವಾಗಿರುತ್ತದೆ, ಅವನ ಗದ್ದ ಕಪ್ಪಾಗುತ್ತದೆ. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿ, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಹೇಳಿದೆ.

ಹೆಂಡತಿ ಕೇಳಿದಳು, "ಇಷ್ಟೆಲ್ಲ ಮೊದಲೇ ಯಾಕೆ ಹೇಳ್ಲಿಲ್ಲ ನೀವು? ಇವ್ರು ಮೊದಲು ನಿಮ್ಮ ಹತ್ರಾನೇ ಬಂದಿದ್ರಂತೆ. ನಗಾಡಿ ಕಳ್ಸಿದ್ರಂತೆ. ನಾನು ಬ್ಲೌಸ್ ಹೊಲಿಯೋಳು ಮೇಡಂ. ಅಳತೆ ತಗೊಳ್ದೆ ನಾನು ಕತ್ತರಿ ಹಿಡಿಯಲ್ಲ, ಬಂದೋರನ್ನ ಬೈದು ವಾಪಸ್ ಕಳ್ಸೋದೂ ಇಲ್ಲ."

"ಸುಮ್ನಿರೇ," ಎಂದ ಅವನು.

ಅಷ್ಟರಲ್ಲಿ ಗೆಳತಿ ಬಂದು ಔಷಧಿಯ ಸಣ್ಣ ಸೀಸೆಗಳನ್ನು ಕೊಟ್ಟಳು. ಕಿಣ್ವದ ಪುಡಿಯನ್ನು ಸಲೈನಿನಲ್ಲಿ ಕರಗಿಸಿದೆ. ಅಲರ್ಜಿಯಾದರೆ ಬೇಕೆಂದು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಪಕ್ಕದಲ್ಲಿಟ್ಟೆ. ಮುಂಗೈಗೆ ಒಂದು ಹನಿ ಚುಚ್ಚಿ ಇಪ್ಪತ್ತು ನಿಮಿಷ ನೋಡಿ, ಏನೂ ಆಗದಿದ್ದಾಗ ಗದ್ದದ ನೀಲಿ ಬಲೆಯುದ್ದಕ್ಕೂ ಒಂದೊಂದು ಬೆರಳು ಅಂತರದಲ್ಲಿ ಚುಚ್ಚುತ್ತ ಹೋದೆ. ಅವನು ಕುರ್ಚಿಯ ಕೈ ಹಿಡಿದು ಸದ್ದಿಲ್ಲದೆ ಕಣ್ಣೀರು ಸುರಿಸುತ್ತಿದ್ದ. ಗಡ್ಡದ ಹಿಂದೆ ಅಡಗಿಕೊಂಡ ಗಂಡಸು ಎಂದು ನಾನು ಮನಸ್ಸಿನಲ್ಲಿ ಹೀಗಳೆದಿದ್ದವನು ಒಮ್ಮೆಯೂ ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಒಂದು ಗಂಟೆಯ ನಂತರ ಒತ್ತಿ ನೋಡಿದೆ. ಆರು ಸೆಕೆಂಡು. ಎರಡನೇ ಸುತ್ತು ಚುಚ್ಚಿದೆ. ಆಗ ನನ್ನ ಫೋನಿಗೆ ಒಂದು ಫೋಟೋ ಬಂತು, ಕಸದ ಬುಟ್ಟಿಯಿಂದ ಎತ್ತಿದ, ಮುದುಡಿದ ಪೆಟ್ಟಿಗೆಯದು. ಕಳಿಸಿದವಳು ಆ ಕೌನ್ಸೆಲರ್ ಹುಡುಗಿ. ಅವನು ರಾತ್ರಿಯೆಲ್ಲ ಅವಳಿಗೆ ಮೆಸೇಜು ಹಾಕಿದ್ದನಂತೆ, ಬೆಳಿಗ್ಗೆ ನಾನು ಲೇಬಲ್ ಕೇಳಿದ್ದನ್ನೂ ತಿಳಿಸಿದ್ದನಂತೆ. ಅದನ್ನು ನೋಡಿ, ಕಾವಲುಗಾರನಿಂದ ಬೀಗ ತೆಗೆಸಿ ಒಳಗೆ ಹೋಗಿದ್ದಳು. "ನನ್ನ ಹೆಸರು ಹೇಳ್ಬೇಡಿ ಮೇಡಂ" ಎಂದು ಕೆಳಗೆ ಬರೆದಿದ್ದಳು. ಹೈಲುರಾನಿಕ್ ಆಮ್ಲವೇ. ಅವಧಿ ಮುಗಿದು ಐದು ತಿಂಗಳಾಗಿತ್ತು. ಫಸ್ಟ್ ಕ್ವಾಲಿಟಿ!

ಮೂರನೇ ಸುತ್ತಿನ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಬಲೆಯ ಅಂಚು ಸಡಿಲವಾಗುತ್ತ, ನೇರಳೆ ಬಣ್ಣ ಗುಲಾಬಿಗೆ ತಿರುಗತೊಡಗಿತು. ಒತ್ತಿದೆ, ಮೂರು ಸೆಕೆಂಡು. ಮಧ್ಯದ ಬೂದಿಬಣ್ಣದ ಕಾಳು ಮಾತ್ರ ಹಾಗೇ ಉಳಿಯಿತು. ಅದಕ್ಕೆ ತಡವಾಗಿತ್ತು. ಮುಂದಿನ ವಾರಗಳಲ್ಲಿ ಅದು ಹುಣ್ಣಾಗಿ, ಹಕ್ಕಳೆ ಕಟ್ಟಿ ಉದುರಿ, ಹಲ್ಲಿನಷ್ಟು ಉದ್ದದ ಕಲೆ ಉಳಿಸಿತು. ಪ್ಲಾಸ್ಟರಿನ ತುಂಡು ಅಂಟಿಸಿಕೊಂಡೇ ಅವನು ತರಬೇತಿಗೆ ಹೋದ.

ನಾನು ಕ್ಲಿನಿಕ್ಕಿಗೆ ರಾಜೀನಾಮೆ ಬರೆದು, ಆ ಭಾನುವಾರ ನಡೆದದ್ದನ್ನೆಲ್ಲ ಗಂಟೆಗಂಟೆಯ ಲೆಕ್ಕದಲ್ಲಿ ಟೈಪು ಮಾಡಿಸಿ, ಒಂದು ಪ್ರತಿಯನ್ನು ಆ ಗಂಡಹೆಂಡತಿಗೆ ಕೊಟ್ಟೆ. ಇನ್ನೊಂದನ್ನು ಜಿಲ್ಲಾ ಆರೋಗ್ಯ ಕಚೇರಿಗೆ ದೂರಿನ ಜೊತೆ ಕಳಿಸಿದೆ. ಮಾಲೀಕ ಮೂರು ದಿನ ಕ್ಷಮೆ ಕೇಳಿದ, ನಾಲ್ಕನೇ ದಿನ ಹೆದರಿಸಿದ. ಬೋರ್ಡಿನಲ್ಲಿ ನನ್ನ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದ. ಫೋಟೋ ಹಾಗೇ ಬಿಟ್ಟ.

ಹತ್ತು ತಿಂಗಳಾದ ಮೇಲೆ ಅವನು ಮತ್ತೆ ಬಂದ, ತಲೆಗೂದಲು ಕತ್ತರಿಸಿಕೊಂಡು, ಬಿಸಿಲಿಗೆ ಕಪ್ಪಾಗಿ. ಹೆಂಡತಿಯೂ ಜೊತೆಗಿದ್ದಳು. ತರಬೇತಿ ಮುಗಿದು ಪೋಸ್ಟಿಂಗ್ ಆಗಿತ್ತು.

"ಅಲ್ಲಿ 'ಕತ್ತು' ಅಂತ ಹೆಸರಿಟ್ಟಿದ್ರು," ಎಂದ. "ಅದು ಅಭ್ಯಾಸ ಆಗೋಯ್ತು. ಆದ್ರೆ ಹೆಲ್ಮೆಟ್ ಪಟ್ಟಿ ನಿಲ್ಲಲ್ಲ ಮೇಡಂ, ಓಡುವಾಗ ಜಾರುತ್ತೆ. ಈಗ ಸರಿಯಾಗಿ ಹೇಳಿ. ಏನೇನ್ ಮಾಡಬಹುದು?"

ಆ ದಿನ ಬೇರೆ ಯಾರಿಗೂ ಸಮಯ ಕೊಟ್ಟಿರಲಿಲ್ಲ. ಪಕ್ಕಮುಖದ ಎಕ್ಸ್‌ರೇ ತೆಗೆಸಿ, ಅದರ ಮೇಲೆ ತೆಳು ಕಾಗದವಿಟ್ಟು ಮೂಳೆಯ ಗೆರೆ ಎಳೆದೆ. ಹಲ್ಲು ಕಚ್ಚಿಸಿ ನೋಡಿದೆ. ಮೇಲಿನ ಸಾಲು ಕೆಳಗಿನ ಸಾಲು ಸರಿಯಾಗಿ ಕೂರುತ್ತಿತ್ತು. ಅಂದರೆ ಇಡೀ ದವಡೆ ಹಿಂದಿಲ್ಲ, ಗದ್ದ ಮಾತ್ರ ಹಿಂದಿದೆ. ಹಲ್ಲೂ ತಪ್ಪಿದ್ದರೆ ಗದ್ದಕ್ಕೆ ಏನು ಮಾಡಿದರೂ ಅದು ಮೇಲುಮೇಲಿನ ತೇಪೆಯಾಗುತ್ತಿತ್ತು. ಕೊರತೆ ಸುಮಾರು ಏಳೆಂಟು ಮಿಲಿಮೀಟರ್.

"ಜೆಲ್ಲಿನ ವಿಷಯ ಮೊದಲು ಹೇಳ್ತೀನಿ," ಎಂದೆ. "ನಿಮಗೆ ಆಗಿದ್ದು ಎಲ್ಲರಿಗೂ ಆಗಲ್ಲ. ತಿಳಿದವರು ಚುಚ್ಚಿದ್ರೆ ಅರ್ಧ ಗಂಟೆ ಕೆಲಸ. ಕೊಯ್ಯೋದಿಲ್ಲ, ಬೇಡವಾದ್ರೆ ಕರಗಿಸಬಹುದು. ಎರಡು ಮೂರು ಮಿಲಿಮೀಟರ್ ಕೊರತೆ ಇದ್ದೋರಿಗೆ, ಹೇಗೆ ಕಾಣುತ್ತೆ ಅಂತ ನೋಡ್ಬೇಕು ಅನ್ನೋರಿಗೆ ಅದು ಒಳ್ಳೇದೇ. ಆದ್ರೆ ವರ್ಷ, ಒಂದೂವರೆ ವರ್ಷದಲ್ಲಿ ಇಳಿದುಹೋಗುತ್ತೆ, ಮತ್ತೆ ಚುಚ್ಚಬೇಕು. ನಿಮ್ಮ ಕೊರತೆ ತುಂಬೋಷ್ಟು ಹಾಕಿದ್ರೆ ಗದ್ದ ಮುಂದೆ ಬರಲ್ಲ, ಉಂಡೆ ಆಗುತ್ತೆ. ಹೊಟ್ಟೆ ಕೊಬ್ಬು ತೆಗೆದು ಚುಚ್ಚೋದೂ ಇದೆ. ಅದರಲ್ಲಿ ಎಷ್ಟು ಉಳಿಯುತ್ತೆ, ಎಷ್ಟು ಕರಗುತ್ತೆ, ಮೊದಲೇ ಹೇಳಕ್ಕಾಗಲ್ಲ."

"ಸಿಲಿಕಾನ್?" ಎಂದು ಹೆಂಡತಿ ಕೇಳಿದಳು. ಓದಿಕೊಂಡು ಬಂದಿದ್ದಳು.

"ಗದ್ದದ ಕೆಳಗೋ ತುಟಿ ಒಳಗೋ ಕೊಯ್ದು, ಮೂಳೆ ಮೇಲೆ ಜಾಗ ಮಾಡಿ ಕೂರಿಸೋದು. ಒಂದು ಗಂಟೆಯ ಕೆಲಸ. ಜೆಲ್ ತರ ಇಳಿಯಲ್ಲ, ಬೇಡವಾದ್ರೆ ತೆಗೀಬಹುದು. ಆದ್ರೆ ಹೊರಗಿನ ವಸ್ತು. ಕೀವಾಗಬಹುದು, ಜಾರಬಹುದು, ವರ್ಷಗಳಾದ ಮೇಲೆ ಕೆಳಗಿನ ಮೂಳೇನ ಸ್ವಲ್ಪ ಸವೆಸಬಹುದು. ಇವರದು ಏಟು ತಿನ್ನೋ ಕೆಲಸ ಬೇರೆ."

"ಪ್ಯಾಡ್ ಇಟ್ಟು ಹೊಲ್ದಂಗೆ," ಎಂದಳು ಅವಳು.

"ಹೌದು. ಮೂರನೇದು ನಿಮ್ಮದೇ ಮೂಳೆ." ಕಾಗದದಲ್ಲಿ ಗದ್ದದ ಭಾಗವನ್ನು ಕತ್ತರಿಯಿಂದ ಬೇರ್ಪಡಿಸಿ ಮುಂದಕ್ಕೆ ಜಾರಿಸಿ ತೋರಿಸಿದೆ. "ಹಲ್ಲಿನ ಬೇರಿನ ಕೆಳಗೆ ಅಡ್ಡ ಕತ್ತರಿಸಿ, ಹೀಗೆ ತಂದು, ಪ್ಲೇಟ್ ಸ್ಕ್ರೂ ಹಾಕಿ ನಿಲ್ಲಿಸೋದು. ಗಾಯ ಬಾಯೊಳಗೆ. ಕೂಡಿಕೊಂಡ ಮೇಲೆ ಅದು ನಿಮ್ಮ ಮೂಳೇನೇ. ಆದ್ರೆ ಪೂರ್ತಿ ಅರಿವಳಿಕೆ ಬೇಕು. ಎರಡು ವಾರ ಮೆತ್ತಗಿನ ಊಟ. ಕೆಳತುಟಿಗೆ ಹೋಗೋ ನರ ಅಲ್ಲೇ ಪಕ್ಕದಲ್ಲಿದೆ. ತುಟಿ ವಾರಗಟ್ಟಲೆ, ತಿಂಗಳುಗಟ್ಟಲೆ ಮರಗಟ್ಟಬಹುದು. ಕೆಲವರಿಗೆ ಒಂದು ಕಡೆ ಶಾಶ್ವತವಾಗೂ ಉಳಿಯುತ್ತೆ. ನಿಮಗೆ ಹಳೇ ಗಾಯದ ಕಲೆ ಇರೋದ್ರಿಂದ ಆ ಅಪಾಯ ಜಾಸ್ತಿ."

"ಏನೂ ಮಾಡಿಸ್ಕೊಳ್ದೇ ಇದ್ರೆ?"

"ಏನೂ ಆಗಲ್ಲ. ಅದೂ ಒಂದು ದಾರಿ. ಹೆಲ್ಮೆಟ್ಟಿಗೆ ಬೇರೆ ಪಟ್ಟಿ ಹಾಕಿಸಿದ್ರೂ ನಡೆಯುತ್ತೆ."

ಅವಳು ಗಂಡನ ಕಡೆ ತಿರುಗಿದಳು. "ನಂಗೆ ಹಿಂಗೇ ಇದ್ರೂ ಏನೂ ಇಲ್ಲ ರೀ."

"ಪ್ರತಿದಿನ ಬೆಳಿಗ್ಗೆ ಕನ್ನಡಿ ಮುಂದೆ ಶೇವ್ ಮಾಡ್ಕೊಳೋನು ನಾನು ಕಣೆ," ಎಂದ ಅವನು. ಸಿಟ್ಟಿನಿಂದಲ್ಲ.

ಹದಿನೈದು ದಿನ ಯೋಚಿಸಿ ಬನ್ನಿ ಎಂದು ಕಳಿಸಿದೆ. ಹದಿನಾರನೇ ದಿನ ಮೂಳೆಯದ್ದೇ ಮಾಡಿ ಎಂದು ಬಂದ.

ಒಂದೂವರೆ ಗಂಟೆಯಲ್ಲಿ ಮುಗಿಯಬೇಕಿದ್ದ ಆಪರೇಷನ್ ಮೂರು ಗಂಟೆ ಹಿಡಿಯಿತು. ಬಲಭಾಗ ಸಲೀಸಾಗಿ ಬಿಡಿಸಿಕೊಂಡಿತು. ಎಡಭಾಗದಲ್ಲಿ ಹಳೆಯ ಗಾಯ ಒಳಗೆಲ್ಲ ಗಂಟುಕಟ್ಟಿ, ಮೂಳೆ, ನರ, ಮಾಂಸ ಒಂದಕ್ಕೊಂದು ಅಂಟಿಕೊಂಡಿದ್ದವು. ನರ ಹೊರಬರುವ ರಂಧ್ರವನ್ನು ಹುಡುಕಲು, ಅಲ್ಲಿಂದ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಲು ಒಂದು ಗಂಟೆಗೂ ಹೆಚ್ಚು ಬೇಕಾಯಿತು. ಆ ಹೊತ್ತಿನಲ್ಲಿ ಆ ಪಾರ್ಲರಿನ ಹೆಂಗಸಿಗೆ, ಮಾಲೀಕನಿಗೆ ನಾನು ಮನಸ್ಸಿನಲ್ಲಿ ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾಗದು. ನರ ಉಳಿಯಿತು. ಗರಗಸ ಹಾಕಿ, ಮೂಳೆಯ ತುಂಡನ್ನು ಏಳು ಮಿಲಿಮೀಟರ್ ಮುಂದೆ ತಂದು, ಪ್ಲೇಟು ಕೂರಿಸಿ ಸ್ಕ್ರೂ ಬಿಗಿದೆ. ಕೆಳತುಟಿಯ ಎಡಭಾಗ ನಾಲ್ಕು ತಿಂಗಳು ಮರಗಟ್ಟಿತ್ತು. ಚಹಾ ಗದ್ದದ ಮೇಲೆ ಸೋರಿದರೂ ಅವನಿಗೆ ತಿಳಿಯುತ್ತಿರಲಿಲ್ಲ, ಹೆಂಡತಿ ಒರೆಸುತ್ತಿದ್ದಳು. ನಿಧಾನವಾಗಿ ಸ್ಪರ್ಶ ಬಂತು. ಗದ್ದ ಅವನ ಮುಖಕ್ಕೆ ಒಪ್ಪಿತ್ತು. ಅವನು ಪಕ್ಕಮುಖದ ಫೋಟೋ ತೆಗೆಸಿ ಫೇಸ್‌ಬುಕ್ಕಿನಲ್ಲಿ ಹಾಕಿಕೊಂಡ.

ಎರಡು ವಾರದೊಳಗೆ ಆ ಫೋಟೋ ಆಲ್ಕೊಳದ ಕ್ಲಿನಿಕ್ಕಿನ ಹೊಸ ಫ್ಲೆಕ್ಸಿನಲ್ಲಿತ್ತು! ಎಡಗಡೆ, ಅವರ ಟ್ಯಾಬಿನಲ್ಲೇ ಉಳಿದಿದ್ದ ಹಳೆಯ ಫೋಟೋ. ಬಲಗಡೆ, ಫೇಸ್‌ಬುಕ್ಕಿನಿಂದ ಎತ್ತಿದ್ದು. ಕಣ್ಣಿಗೆ ಕಪ್ಪು ಪಟ್ಟಿ. ಕೆಳಗೆ "ಆಪರೇಷನ್ ಇಲ್ಲದೆ". ಇಷ್ಟು ನಾಚಿಕೆಗೆಟ್ಟವನನ್ನು ನಾನು ಅದುವರೆಗೆ ನೋಡಿರಲಿಲ್ಲ.

ನನ್ನ ದೂರಿನ ವಿಚಾರಣೆಗೆ ಕರೆ ಬಂದದ್ದು ಅದೇ ತಿಂಗಳು. ಜಿಲ್ಲಾ ಆರೋಗ್ಯ ಕಚೇರಿಯ ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಕುಳಿತಿದ್ದ ಹಿರಿಯ ಅಧಿಕಾರಿಯೇ ಪ್ರಶ್ನೆ ಕೇಳುತ್ತ ತಾವೇ ಬರೆದುಕೊಳ್ಳುತ್ತಿದ್ದರು. ಈಚೆ ನಾನು, ಆ ಗಂಡಹೆಂಡತಿ, ಸ್ವಲ್ಪ ದೂರದಲ್ಲಿ ಮಾಲೀಕ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ದಪ್ಪ ಫೈಲು.

"ಸಾರ್, ಪೇಷಂಟ್ ನಿಮ್ಮೆದುರೇ ಇದ್ದಾರೆ, ನೀವೇ ನೋಡಿ," ಎಂದ ಅವನು. "ಗದ್ದ ಎಷ್ಟು ನೀಟಾಗಿದೆ! ಏನು ನಷ್ಟ ಆಗಿದೆ ಇವರಿಗೆ?"

ನಾನು ಫ್ಲೆಕ್ಸಿನ ಫೋಟೋವನ್ನೂ ಪ್ಲೇಟು ಸ್ಕ್ರೂ ಕಾಣುವ ಎಕ್ಸ್‌ರೇಯನ್ನೂ ಮೇಜಿನ ಮೇಲಿಟ್ಟೆ. ಅಧಿಕಾರಿ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, "ಇದು ಜೆಲ್ಲಾ ರೀ? ಸ್ಕ್ರೂ ಕಾಣ್ತಿದೆಯಲ್ಲ" ಎಂದರು. ಅವಧಿ ಮುಗಿದ ಪೆಟ್ಟಿಗೆಯ ಫೋಟೋ ನೋಡಿದರು. ಮಾಲೀಕನ ಕಿವಿ ಕೆಂಪಾಯಿತು. ಆದರೆ ಅವನ ಬಳಿ ಇನ್ನೊಂದು ಕಾಗದವಿತ್ತು.

"ನಾವು ಯಾವ್ದನ್ನೂ ಡಾಕ್ಟ್ರಿಗೆ ತೋರಿಸ್ದೆ ಮಾಡಿಲ್ಲ ಸಾರ್. ಇವ್ರೇ ಆ ಗುರುವಾರ ಪೇಷಂಟನ್ನ ನೋಡಿದಾರೆ. ಅಪಾಯಿಂಟ್‌ಮೆಂಟ್ ಪುಸ್ತಕ ಇಲ್ಲಿದೆ. ಒಪ್ಪಿಗೆ ಪತ್ರದಲ್ಲಿ ಸಲಹಾ ವೈದ್ಯರು ಅಂತ ಇವರ ಹೆಸರೇ ಇದೆ. ಮಾಡ್ಬೇಡಿ ಅಂತ ಇವ್ರು ಬರೆದುಕೊಟ್ಟಿದ್ರೆ ಆ ಚೀಟಿ ತೋರಿಸ್ಲಿ."

ಅಧಿಕಾರಿ ನನ್ನ ಕಡೆ ತಿರುಗಿದರು. "ಆ ದಿನ ಇವರಿಗೆ ಏನು ಹೇಳಿದ್ರಿ ಡಾಕ್ಟ್ರೇ? ಕೇಸ್ ಶೀಟ್ ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಆ ಯುವಕ ಎದ್ದು ನಿಂತ. ಸಮವಸ್ತ್ರದಲ್ಲಿರಲಿಲ್ಲ, ಆದರೂ ಕಾಲು ಜೋಡಿಸಿ ನಿಂತಿದ್ದ.

"ಮೇಡಂ ಎಲ್ಲಾ ವಿವರವಾಗಿ ಹೇಳಿದ್ರು ಸಾರ್. ಜೆಲ್ ಬೇಡ, ಅಪಾಯ ಇದೆ ಅಂತ ಬಿಡಿಸಿ ಬಿಡಿಸಿ ಹೇಳಿದ್ರು. ನಾನೇ ಕೇಳ್ಲಿಲ್ಲ. ತಪ್ಪು ನಂದು."

ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಮಡಿಸುತ್ತಿದ್ದಳು. ಅವಳಿಗೂ ಇದು ಮೊದಲೇ ಗೊತ್ತಿತ್ತು ಎನಿಸಿತು. ದಾರಿಯಲ್ಲಿ ಇಬ್ಬರೂ ಮಾತಾಡಿಕೊಂಡೇ ಬಂದಿದ್ದರು. ಮಾಲೀಕ ಫೈಲನ್ನು ಮುಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದ. ಸುಮ್ಮನಿದ್ದರೆ ಸಾಕಾಗಿತ್ತು. ಅಷ್ಟು ದಿನ ಆ ಮಾಲೀಕನನ್ನು ಎಷ್ಟು ಹೀಯಾಳಿಸಿದ್ದೆ! ಸುಮ್ಮನಿದ್ದಿದ್ದರೆ ಅವನ ಪಕ್ಕದ ಕುರ್ಚಿಗೆ ಹೋಗಿ ಕುಳಿತಂತೆಯೇ.

"ಅವರು ಹೇಳ್ತಿರೋದು ನಿಜ ಅಲ್ಲ ಸಾರ್," ಎಂದೆ. "ನಾನು ಮೂರು ನಿಮಿಷ ಮಾತಾಡಿದೆ. ರಕ್ತನಾಳದ ಅಪಾಯ ಹೇಳ್ಲಿಲ್ಲ. ಅವರ ಕಷ್ಟ ಕೇಳಿ ನಕ್ಕೆ. ಕೇಸ್ ಶೀಟ್ ಬರೀಲಿಲ್ಲ. ಅದಕ್ಕೇ ಅವರು ಪಕ್ಕದ ರೂಮಿಗೆ ಹೋದ್ರು."

ಅವನು ಇನ್ನೂ ನಿಂತೇ ಇದ್ದ. ಅಧಿಕಾರಿ ಪೆನ್ನನ್ನು ಕಾಗದದ ಮೇಲೆ ಹಿಡಿದು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದನ್ನೂ ಬರ್ಕೊಳ್ಲಾ ಡಾಕ್ಟ್ರೇ? ಬರೆದ್ರೆ ನಿಮ್ಮ ಮೇಲೂ ಕ್ರಮ ಆಗುತ್ತೆ."

"ಬರ್ಕೊಳಿ," ಎಂದೆ.